ದೋಣಿಯಿಲ್ಲದ ಕೌಕೊನ ಬ್ಯಾಟರಿ

ನಮ್ಮ ಮುಯ್ಕುಲ ಊರಿನಲ್ಲಿ ಯಾರ ಮನೆಗೂ ಸುಮ್ಮನೆ ಹೋಗುವ ಹಾಗಿಲ್ಲ. ವಿಷಯ ಇರಬೇಕು. ಬಾಗಿಲು ತಟ್ಟಿದರೆ ಒಳಗಿನವರು ಮೊದಲು ಕೇಳುವುದೇ "ಏನ್ ವಿಷಯ?" ಅಂತ. ಗರಗಸ ಬೇಕಿತ್ತು, ನಿಮ್ಮ ಹಸು ನಮ್ಮ ಓಟ್ಸ್ ಹೊಲದಲ್ಲಿದೆ, ನಿಮ್ಮ ಚಾವಣಿಗೆ ಬೆಂಕಿ ಬಿದ್ದಿದೆ, ಹೀಗೆ ಏನಾದರೊಂದು ಹೇಳಲೇಬೇಕು. ಆಮೇಲೆ ಕಾಫಿ. ವಿಷಯ ಇಲ್ಲದೆ ಬಂದವನನ್ನು ಓಡಿಸುತ್ತಾರೆ ಅಂತಲ್ಲ. ಹಾಗೆ ಬಂದವನು ಈ ಕಥೆಯ ಕಾಲದ ತನಕ ಒಬ್ಬನೂ ಇರಲಿಲ್ಲ, ಆದ್ದರಿಂದ ಬಂದರೆ ಏನು ಮಾಡಬೇಕು ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ.

ನಮ್ಮಪ್ಪ ಮತ್ತು ಪಕ್ಕದ ಮನೆಯ ಯಾಲ್ಮಾರಿ ಒಂದೇ ಗರಗಸವನ್ನು ಜೀವನಪೂರ್ತಿ ಒಬ್ಬರಿಂದೊಬ್ಬರು ಎರವಲು ತಂದರು. ಇವತ್ತು ಇವರು ತಂದರೆ ನಾಳೆ ಅವರು ವಾಪಸ್ ಕೇಳಿಕೊಂಡು ಬರುವುದು. ಇಬ್ಬರೂ ತೀರಿಕೊಂಡ ಮೇಲೆ ನಾನು ಆ ಗರಗಸ ನೋಡಿದೆ. ಹಲ್ಲಿಗೆ ಅಂಗಡಿಯ ಎಣ್ಣೆ ಹಾಗೇ ಅಂಟಿಕೊಂಡಿತ್ತು. ಒಂದು ಕಡ್ಡಿಯನ್ನೂ ಅದು ಕೊಯ್ದಿರಲಿಲ್ಲ.

ಇಂಥ ಊರಿನಲ್ಲಿ ಕೌಕೊ ಇಮ್ಮೊನೆನ್ ಅನ್ನುವ ಮನುಷ್ಯ ಹೇಗೆ ಬಾಳಿದ ಅನ್ನುವುದನ್ನು ಹೇಳುತ್ತೇನೆ. ಅವನ ಬಾಳು ಗೊತ್ತಾಗಬೇಕಾದರೆ ಅವನ ಬ್ಯಾಟರಿಯ ಕಥೆ ಗೊತ್ತಾಗಬೇಕು, ಬ್ಯಾಟರಿಯ ಕಥೆ ಗೊತ್ತಾಗಬೇಕಾದರೆ ನನ್ನ ಅಕ್ಕ ಲೆಂಪಿ ಗೊತ್ತಾಗಬೇಕು. ಒಂದರ ಬಾಲ ಹಿಡಿದು ಒಂದು ಬರುತ್ತವೆ, ಗಡಿಬಿಡಿ ಮಾಡಬೇಡಿ.

ಕೌಕೊ ಮಾತಾಡುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಮಾತು ಕಡಿಮೆ ಇರುವುದು ದೊಡ್ಡ ಸಂಗತಿಯಲ್ಲ, ಆದರೆ ಕೌಕೊನನ್ನು ನಮ್ಮವರೇ ಮೂಗ ಅನ್ನುತ್ತಿದ್ದರು ಅಂದರೆ ಲೆಕ್ಕ ಹಾಕಿ. ಒಮ್ಮೆ ಅವನ ಕುರಿಗೆ ಹುಷಾರಿಲ್ಲದೆ ಪಶುವೈದ್ಯರಿಗೆ ಫೋನ್ ಮಾಡಿದ. ಅವರು ಹಲೋ ಅಂದರು, ಇವನು ಏನು ಹೇಳುವುದು ಅಂತ ಯೋಚಿಸುತ್ತ ನಿಂತ. ಲೈನ್ ಕೆಟ್ಟಿದೆ ಅಂದುಕೊಂಡು ವೈದ್ಯರು ಫೋನ್ ದುರಸ್ತಿಯವನನ್ನು ಕಳಿಸಿದರು. ದುರಸ್ತಿಯವನು ಬಂದು ಕುರಿಯ ಹೊಟ್ಟೆ ಒತ್ತಿ ನೋಡಿ ತನಗೆ ತೋಚಿದ್ದೊಂದು ಹೇಳಿದ. ಕುರಿ ಬದುಕಿತು. ಆಮೇಲೆ ಆ ಕುರಿ ಫೋನ್ ಗಂಟೆ ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಿತ್ತು. ನಂಬಿದರೆ ನಂಬಿ.

ಹುಡುಗನಾಗಿದ್ದಾಗ ಕೌಕೊ ಸೈಮಾ ಸರೋವರದಲ್ಲಿ ಮರದ ದಿಮ್ಮಿಗಳ ತೆಪ್ಪ ಎಳೆಯುವ ಹಡಗಿನಲ್ಲಿ ಕೆಲಸಕ್ಕಿದ್ದ. ಆ ತೆಪ್ಪಗಳು ಎಷ್ಟು ನಿಧಾನ ಅಂದರೆ, ದಡದಲ್ಲಿ ಹಸು ಮೇಯಿಸುತ್ತಿದ್ದ ಹುಡುಗಿಯರ ಪರಿಚಯವಾಗಿ, ಪ್ರೀತಿಯಾಗಿ, ಜಗಳವಾಗಿ, ರಾಜಿಯಾಗಿ ಮದುವೆಯೂ ನಿಶ್ಚಯವಾಗುವಷ್ಟು ಹೊತ್ತು ಒಂದೇ ಕೊಲ್ಲಿಯಲ್ಲಿ ಇರುತ್ತಿದ್ದವು. ಬೇರೆಯವರಿಗೆಲ್ಲ ಹಾಗೆ ಮದುವೆಯಾಯಿತು. ಕೌಕೊ ಇನ್ನೂ ಮೊದಲ ಮಾತು ಹುಡುಕುತ್ತಿದ್ದಾಗಲೇ ತೆಪ್ಪ ಮುಂದೆ ಹೋಗಿಬಿಡುತ್ತಿತ್ತು. ಆಮೇಲೆ ಅವನು ರಸ್ತೆ ಇಲಾಖೆಯ ಹಿಮ ತಳ್ಳುವ ಲಾರಿ ಓಡಿಸಿದ. ಬೇಸಿಗೆಯಲ್ಲಿ ಅದೇ ಲಾರಿಯಲ್ಲಿ ಜಲ್ಲಿ. ದಿನಾ ನಮ್ಮ ಜಲಸಂಧಿ ದಾಟಬೇಕಿತ್ತು. ದಾಟಿಸುತ್ತಿದ್ದವಳು ಲೆಂಪಿ.

ನನ್ನ ಅಕ್ಕ ಹಗ್ಗದ ದೋಣಿಯ ಚಾಲಕಿ. ಈ ದಡಕ್ಕೂ ಆ ದಡಕ್ಕೂ ಉಕ್ಕಿನ ಹಗ್ಗ ಕಟ್ಟಿ, ಅದರ ಮೇಲೆ ಚಪ್ಪಟೆ ದೋಣಿ ಎಳೆದುಕೊಂಡು ಕಾರು, ಲಾರಿ, ಮದುವೆ ದಿಬ್ಬಣ ಎಲ್ಲವನ್ನೂ ದಾಟಿಸುತ್ತಿದ್ದಳು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ, ಅವನ ಕೆಲಸ ಇವಳಿಗೆ ಬಂತು. ಕೌಕೊನ ಲಾರಿ ದೋಣಿ ಹತ್ತಿದಾಗ ಅವನು ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತುವನು, ಅಕ್ಕ ತಲೆ ಆಡಿಸುವಳು. ವರ್ಷಗಟ್ಟಲೆ ಇದೇ ಅವರ ಮಾತುಕತೆ. ಒಂದು ಸಲ ಮಾತ್ರ ಅವನು ಎರಡು ಬೆರಳೆತ್ತಿದನಂತೆ. ಅಕ್ಕ ಇಡೀ ವಾರ ಅದರ ಬಗ್ಗೆ ಯೋಚಿಸಿದಳು.

ಚಳಿಗಾಲದಲ್ಲಿ ನೀರು ಗಟ್ಟಿಯಾಗಿ ಮಂಜುಗಡ್ಡೆಯ ಮೇಲೇ ರಸ್ತೆ ಬೀಳುತ್ತದೆ, ಹಗ್ಗದ ದೋಣಿಗೆ ರಜೆ. ಆಗ ಅದರ ಎಂಜಿನ್ನಿನ ಬ್ಯಾಟರಿಗಳನ್ನು ಬಿಚ್ಚಿ ಅಕ್ಕ ಗುಡ್ಡದ ಮಗ್ಗುಲಲ್ಲಿ ತೋಡಿದ ತನ್ನ ಆಲೂಗಡ್ಡೆ ನೆಲಮಾಳಿಗೆಯಲ್ಲಿ ಇಡುತ್ತಿದ್ದಳು. ಆಲೂಗಡ್ಡೆಗೆ ಹಿಡಿಸಿದ ಜಾಗ ಬ್ಯಾಟರಿಗೂ ಹಿಡಿಸುತ್ತದೆ ಅನ್ನುವುದು ಅವಳ ಲೆಕ್ಕ. ತೀರಾ ಬೆಚ್ಚಗಿದ್ದರೆ ಆಲೂಗಡ್ಡೆ ಮೊಳಕೆ ಒಡೆದು ಸೊರಗುತ್ತದೆ, ಬ್ಯಾಟರಿ ಕೂತಲ್ಲೇ ತನ್ನ ಶಕ್ತಿಯನ್ನು ತಾನೇ ತಿಂದುಕೊಳ್ಳುತ್ತದೆ. ತೀರಾ ಚಳಿಯಾದರೆ ಎರಡೂ ಹೆಪ್ಪುಗಟ್ಟುತ್ತವೆ. ಅದರಲ್ಲೂ ಹೊಟ್ಟೆ ತುಂಬಿದ ಬ್ಯಾಟರಿ ಎಂಥ ಚಳಿಯನ್ನೂ ತಡೆಯುತ್ತದೆ, ಖಾಲಿ ಹೊಟ್ಟೆಯದಕ್ಕೆ ಸಾಧಾರಣ ಚಳಿಯೇ ಸಾಕು. ಇದನ್ನು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು, ಬರದವರಿಗೆ ಹೇಳಿ ಕಳಿಸುತ್ತಿದ್ದಳು.

ಇದನ್ನು ನೋಡಿ ಊರಿನ ದೋಣಿಯವರೂ ಅಕ್ಟೋಬರಿನಲ್ಲಿ ತಮ್ಮ ತಮ್ಮ ಬ್ಯಾಟರಿ ಹೊತ್ತು ತಂದರು. ಅಡುಗೆ ಸೋಡ ಕಲಸಿದ ನೀರಿನಲ್ಲಿ ಮೇಲ್ಗಡೆ ಒರೆಸಿ, ಟರ್ಮಿನಲ್ಲಿಗೆ ಗ್ರೀಸ್ ಸವರಿ, ಒಳಗೆ ಬ್ಯಾಟರಿ ನೀರು ಇಳಿದಿದ್ದರೆ ತುಂಬಿ, ಹಲಗೆಯ ಮೇಲೆ ಸಾಲಾಗಿ ಇಡುವುದು. ಆಲೂಗಡ್ಡೆ ಒಂದು ಕಡೆ, ಬ್ಯಾಟರಿ ಒಂದು ಕಡೆ. ಅಕ್ಕನ ಹತ್ತಿರ ಇದ್ದದ್ದು ಒಂದೇ ಚಾರ್ಜರ್, ಹಗ್ಗದ ದೋಣಿಯ ಕಾಲದ್ದು, ಕಬ್ಬಿಣದ ಪೆಟ್ಟಿಗೆ. ತುಂಬ ನಿಧಾನ. ಆದರೆ ನಿಧಾನವಾಗಿ ಉಣಿಸಿದರೇ ಬ್ಯಾಟರಿ ಬಾಳುವುದು. ಅದು ಹೊರಡಿಸುತ್ತಿದ್ದ ಗುಂಯ್ ಅನ್ನುವ ಸದ್ದು ಎಂಥದ್ದು ಅಂದರೆ, ಒಂದು ಶರತ್ಕಾಲ ಕಾಡಿನಿಂದ ಮೂಸ್ ಅನ್ನುವ ದೊಡ್ಡ ಜಿಂಕೆಯ ಗಂಡೊಂದು ಇಳಿದು ಬಂದು ನೆಲಮಾಳಿಗೆಯ ಬಾಗಿಲ ಮುಂದೆ ಅಷ್ಟುದ್ದದ ಕೋಡು ಹೊತ್ತು ನಿಂತುಬಿಟ್ಟಿತು. ಒಳಗೆ ಹೆಣ್ಣು ಇದೆ ಅಂದುಕೊಂಡಿತ್ತೋ ಏನೋ. ಚಾರ್ಜರ್ ಆಫ್ ಮಾಡಿದ ಮೇಲೆ ಮುಖ ಸಣ್ಣ ಮಾಡಿಕೊಂಡು ಹೋಯಿತು.

ಒಂದೇ ಚಾರ್ಜರ್ ಇದ್ದದ್ದರಿಂದ ಸರದಿ ಬಂತು. ತಿಂಗಳಿಗೊಮ್ಮೆ ಒಬ್ಬೊಬ್ಬರೂ ಬಂದು ತಮ್ಮ ಬ್ಯಾಟರಿಗೆ ತಾವೇ ತಂತಿ ಸಿಕ್ಕಿಸಬೇಕು. ಸಿಕ್ಕಿಸಿದ ಮೇಲೆ ಅದು ಸರಿಯಾಗಿ ಹಿಡಿಯಿತೋ ಇಲ್ಲವೋ ಅಂತ ಸ್ವಲ್ಪ ಹೊತ್ತು ಕಾಯಬೇಕು. ನೆಲಮಾಳಿಗೆಯಲ್ಲಿ ಕಾಯಲು ಆಗುತ್ತದೆಯೇ? ಅಡುಗೆಮನೆಗೆ ಬಾ ಅನ್ನುವಳು ಅಕ್ಕ. ಅಲ್ಲಿ ಕಾಫಿ, ಏಲಕ್ಕಿ ಬನ್ನು. ನೋಡಿದಿರಾ, ಎಂಥ ಸೊಗಸಾದ ವಿಷಯ ಸಿಕ್ಕಿತು ಊರಿಗೆ. ಹೆಂಡತಿಯ ಹತ್ತಿರವೂ ಬಾಯಿ ಬಿಡದ ಗಂಡಸರು ಅಕ್ಕನ ಅಡುಗೆಮನೆಯಲ್ಲಿ ಕೂತು ಬಾಲ್ಯದಿಂದ ಶುರುಮಾಡುತ್ತಿದ್ದರು. ನಮ್ಮೂರಿನ ಎರಡು ಮದುವೆ ಮತ್ತು ಒಂದು ಆಸ್ತಿ ವಿಭಾಗ ಆ ಮೇಜಿನಲ್ಲೇ ತೀರ್ಮಾನವಾದವು, ಬ್ಯಾಟರಿ ಚಾರ್ಜಾಗುವ ಹೊತ್ತಿಗೆ.

ಆಮೇಲೆ ಸರ್ಕಾರ ಸೇತುವೆ ಕಟ್ಟಿತು. ಹಗ್ಗದ ದೋಣಿ ಹೋಯಿತು. ಊರಿಗೆ ಊರೇ ಹಾಡಿ ಕುಣಿದು ಸೇತುವೆ ದಾಟಿತು. ಒಬ್ಬ ಕೌಕೊ ಮಾತ್ರ ಸೇತುವೆಯ ತುದಿಯಲ್ಲಿ ಲಾರಿ ನಿಲ್ಲಿಸಿ, ಕೆಳಗೆ ಖಾಲಿ ಬಿದ್ದಿದ್ದ ದೋಣಿಕಟ್ಟೆ ನೋಡುತ್ತ ಕೂತಿದ್ದ. ಮರುವರ್ಷವೇ ಎಲ್ಲಿಂದಲೋ ಹಳೇ ಮರದ ಮೋಟಾರು ದೋಣಿ ಕೊಂಡು ತಂದ. ಮೀನಿನ ಬಲೆ ಹಾಕಿದವನಲ್ಲ, ದೋಣಿಯಲ್ಲಿ ಎಲ್ಲಿಗೂ ಹೋದವನಲ್ಲ. ಬೇಸಿಗೆಯಿಡೀ ಆ ದೋಣಿ ಕಟ್ಟಿದ ಹಗ್ಗದಲ್ಲೇ ಅಲ್ಲಾಡುತ್ತಿತ್ತು. ಅಕ್ಟೋಬರ್ ಬಂದ ತಕ್ಷಣ ಬ್ಯಾಟರಿ ಬಿಚ್ಚಿ, ಒರೆಸಿ, ಮಗುವನ್ನು ನಾಮಕರಣಕ್ಕೆ ಕರೆತರುವ ಹಾಗೆ ಕಂಬಳಿಯಲ್ಲಿ ಸುತ್ತಿ ಅಕ್ಕನ ಬಾಗಿಲಿಗೆ ತಂದ. ಉಳಿದವರ ಸರದಿ ತಿಂಗಳಿಗೊಮ್ಮೆಯಾದರೆ ಕೌಕೊನದು ವಾರಕ್ಕೊಮ್ಮೆ, ಗುರುವಾರ. ಯಾಕಪ್ಪಾ ಅಂದರೆ "ಹಳೇ ಬ್ಯಾಟರಿ" ಅಂದ. ಅದು ಹೊಸದು, ಮೇಲಿನ ಚೀಟಿ ಕೂಡ ಕಿತ್ತಿರಲಿಲ್ಲ. ಗುರುವಾರ ಎಲ್ಲರ ಮನೆಯಲ್ಲೂ ಬಟಾಣಿ ಸೂಪು, ಆಮೇಲೆ ಪ್ಯಾನ್‌ಕೇಕು. ಅಕ್ಕನ ಮನೆಯಲ್ಲೂ ಅದೇ. ಸೂಪಿಗೆ ಸಾಸಿವೆ ಕಲಸಿಕೊಂಡು ಎರಡು ತಟ್ಟೆ ಉಂಡು, "ಸರಿ ಹಾಗಾದ್ರೆ" ಅಂದು ಎದ್ದು ಹೋಗುವನು. ನಾನು ಅದೇ ಅಂಗಳದ ಇನ್ನೊಂದು ಮನೆಯವನು, ಎಷ್ಟೋ ಗುರುವಾರ ಅದೇ ಮೇಜಿನಲ್ಲಿ ಕೂತವನು. ನನ್ನ ಮಾತು ಬಿಡಿ, ತಮ್ಮನನ್ನು ಯಾರೂ ಅತಿಥಿ ಅಂತ ಹಿಡಿಯುವುದಿಲ್ಲ. ತಮ್ಮ ಬಂದರೆ ಕಟ್ಟಿಗೆ ಒಡಿ ಅನ್ನುತ್ತಾರೆ.

ಕೌಕೊನ ಆ ದೋಣಿ ಹೋದದ್ದು ಹೇಗೆ ಅಂದರೆ, ಮರ ಕೊಳೆಯಿತು. ಕೆಳಗಿನ ಹಲಗೆಯಲ್ಲಿ ಅಣಬೆ ಬೆಳೆದಿತ್ತು. ತಿನ್ನುವ ಜಾತಿಯದ್ದು ಅಂತ ಕೇಳಿದೆ. ಬೇಸಿಗೆ ನಡುವಿನ ಹಬ್ಬಕ್ಕೆ ದಡದಲ್ಲಿ ದೊಡ್ಡ ಬೆಂಕಿ ಹಾಕುತ್ತೇವಲ್ಲ, ಹಳೇ ದೋಣಿಗಳಿಗೆ ಅಲ್ಲೇ ಮುಕ್ತಿ. ಕೌಕೊ ತನ್ನ ದೋಣಿಯನ್ನು ನಮ್ಮೂರಿನ ಬೆಂಕಿಗೆ ಕೊಡಲಿಲ್ಲ. ಸದ್ದಿಲ್ಲದೆ ಎಳೆದುಕೊಂಡು ಹೋಗಿ ಎದುರು ದಡದ ಲಹ್ತೆಲ ಊರಿನವರಿಗೆ ಕೊಟ್ಟ. ಆ ವರ್ಷ ಹಬ್ಬಕ್ಕೆ ನಾವು ಲಹ್ತೆಲದ ನೆಂಟರ ಮನೆಯಲ್ಲಿದ್ದೆವು. ಬೆಂಕಿಯ ನಡುವೆ ಮೂತಿಗೆ ಹಸಿರು ತೇಪೆ ಹಾಕಿದ್ದ ದೋಣಿ ಕಂಡಾಗ ನನಗೆ ಗುರುತು ಸಿಕ್ಕಿತು. ಆದರೆ ಬ್ಯಾಟರಿ? ಬ್ಯಾಟರಿಯನ್ನು ಅವನು ಬಿಚ್ಚಿಟ್ಟುಕೊಂಡಿದ್ದ. ಅಕ್ಟೋಬರಿನಲ್ಲಿ ಏನೂ ಆಗದವನ ಹಾಗೆ ಕಂಬಳಿ ಸುತ್ತಿ ತಂದ. ಮರುವರ್ಷವೂ ತಂದ. ಅದರ ಮರುವರ್ಷವೂ. ದುಡಿಮೆ ಒಂದು ದಿನವಿಲ್ಲ, ಆರೈಕೆ ವಾರ ವಾರ. ಆ ಬ್ಯಾಟರಿಯ ಆರೋಗ್ಯ ನೋಡಬೇಕಿತ್ತು ನೀವು. ಎಷ್ಟು ತುಂಬಿದೆ ಅಂತ ಅಕ್ಕ ಗಾಜಿನ ಪಿಚಕಾರಿಯಲ್ಲಿ ಒಳಗಿನ ನೀರು ಎಳೆದು ನೋಡಿದರೆ ಅದರೊಳಗಿನ ತೇಲುಬುರುಡೆ ಸೊಕ್ಕಿನಿಂದ ಮೇಲೆದ್ದು ನಿಲ್ಲುತ್ತಿತ್ತು. ವಸಂತದಲ್ಲಿ ದೋಣಿ ಇಳಿಸುವ ದಿನ ಯಾರಾದರೂ ಕೇಳಿದರೆ ಕೌಕೊ "ಎಂಜಿನ್ ಸರಿಯಿಲ್ಲ" ಅನ್ನುವನು. ಸುಳ್ಳಲ್ಲ. ಬೂದಿಯಾದ ದೋಣಿಯ ಎಂಜಿನ್ ಸರಿ ಇರುವುದಾದರೂ ಹೇಗೆ?

ಹೀಗೇ ನಡೆದು ಹೋಗುತ್ತಿತ್ತು, ಆರ್ವಿ ನಡುವೆ ಬರದಿದ್ದರೆ.

ಆರ್ವಿ ನಮ್ಮ ದೋಣಿ ಸಂಘದ ಅಧ್ಯಕ್ಷ, ಮನೆಗಳಿಗೆ ಬಣ್ಣ ಬಳಿಯುವವನು. ಒಳ್ಳೆಯವನು, ಆದರೆ ಹೊಸ ಸಾಮಾನು ಕಂಡರೆ ಅವನಿಗೆ ಜ್ವರ ಬರುತ್ತದೆ. ಒಂದು ಶರತ್ಕಾಲದ ಸಭೆಗೆ ಚೀಲದ ತುಂಬ ಪುಟ್ಟ ಪುಟ್ಟ ಚಾರ್ಜರ್ ತಂದ. ತಾನೇ ಅಳೆಯುತ್ತೆ, ತಾನೇ ತುಂಬುತ್ತೆ, ತುಂಬಿದ ಮೇಲೆ ತಾನೇ ನಿಲ್ಲಿಸುತ್ತೆ, ಚಳಿಗಾಲವಿಡೀ ಸಿಕ್ಕಿಸಿಟ್ಟರೂ ಏನೂ ಆಗೋಲ್ಲ ಅಂತ ಎಲ್ಲರಿಗೂ ತೋರಿಸಿದ. ಸಂಘದ ಶೆಡ್ಡಿನಲ್ಲಿ ಹಲಗೆ ಹೊಡೆದು, ಬ್ಯಾಟರಿಗೊಂದು ಚಾರ್ಜರ್, ಹಸಿರು ದೀಪದ ಸಾಲು. ಲೆಂಪಿಗೆ ಇನ್ನು ಮೇಲೆ ತೊಂದರೆ ಕೊಡೋದು ಬೇಡ, ಅವಳಿಗೂ ವಯಸ್ಸಾಯ್ತು ಅಂದ. ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ ಒಳ್ಳೆಯದೇ ಆಯಿತು, ತನಗೂ ಬಿಡುವು ಸಿಕ್ಕಿತು ಅಂದಳು. ಅವಳು ಹಾಗೆ ಅಂದದ್ದರಿಂದ ಎಲ್ಲರೂ ಅವಳಿಗೆ ನಿಜವಾಗಿಯೂ ಬಿಡುವು ಬೇಕಿತ್ತು ಅಂದುಕೊಂಡರು. ಎಲ್ಲರೂ ಒಪ್ಪಿದ್ದರಿಂದ ಅವಳು ಇವರಿಗೆ ತನ್ನ ಕಾಫಿ ಸಾಕಾಗಿತ್ತು ಅಂದುಕೊಂಡಳು. ನಮ್ಮೂರಿನ ಜನ ಹೀಗೆ.

ಆ ನವೆಂಬರಿನಲ್ಲಿ ಅಕ್ಕನ ಮೆಟ್ಟಿಲ ಮೇಲೆ ಹಿಮ ಬಿದ್ದರೆ ಬಿದ್ದ ಹಾಗೇ ಇರುತ್ತಿತ್ತು, ಹೆಜ್ಜೆ ಗುರುತಿಲ್ಲ. ಬನ್ನು ಬೇಯಿಸಿ ಹಕ್ಕಿಗಳಿಗೆ ಹಾಕತೊಡಗಿದಳು. ಆ ವರ್ಷ ನಮ್ಮ ಅಂಗಳದ ಗುಬ್ಬಚ್ಚಿಗಳು ಎಷ್ಟು ದಪ್ಪಗಾದವು ಅಂದರೆ ಹಾರಲಾರದೆ ನಡೆದು ಓಡಾಡುತ್ತಿದ್ದವು. ಬೆಕ್ಕು ಒಂದನ್ನು ಹಿಡಿದು, ಎತ್ತಲಾಗದೆ ಬಿಟ್ಟು ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಗುರುವಾರ ಮಾತ್ರ ಸೂಪಿನ ಪಾತ್ರೆ ಹಳೇ ಅಳತೆಯದೇ. ಉಳಿದದ್ದನ್ನು ಮಂಗಳವಾರದ ತನಕ ತಿನ್ನುತ್ತಿದ್ದವನು ನಾನು. ತಡೆಯಲಾರದೆ, ಅವರನ್ನೆಲ್ಲ ನೀನೇ ಕರೆಯಬಾರದೇನಕ್ಕ ಅಂದೆ.

"ಯಾವ ವಿಷಯಕ್ಕೆ ಕರೀಲಿ?" ಅಂದಳು.

ನಾನು ಎದ್ದು ಕಟ್ಟಿಗೆ ಒಡೆಯಲು ಹೋದೆ.

ಇತ್ತ ಕೌಕೊ ತನ್ನ ಬ್ಯಾಟರಿಯನ್ನು ಎಲ್ಲಿಗೂ ಕೊಡದೆ ಮನೆಯಲ್ಲೇ ಇಟ್ಟುಕೊಂಡು ಕೂತಿದ್ದ. ಶೆಡ್ಡಿಗೆ ಕೊಟ್ಟರೆ ದೋಣಿಯ ಹೆಸರು ಬರೆಸಬೇಕು. ಅಕ್ಕನ ಹತ್ತಿರ ತರೋಣವೆಂದರೆ ಬಿಡುವು ಬೇಕು ಅಂದವಳ ಮೇಲೆ ಬಿದ್ದ ಹಾಗಾಗುತ್ತದೆ. ಜನವರಿಯಲ್ಲಿ ಆರ್ವಿ ತಾನೇ ಚಾರ್ಜರ್ ಹಿಡಿದು ಅವನ ಮನೆಗೆ ಹೋದ. ಸಿಕ್ಕಿಸಿದ, ಹಸಿರು ದೀಪ ಹತ್ತಿತು. ಇನ್ನು ನೀನು ಜೀವಮಾನದಲ್ಲಿ ಲೆಂಪಿಯ ಮನೆ ತನಕ ನಡೆಯಬೇಕಾಗಿಲ್ಲ ಅಂತ ಸಂತೋಷದಿಂದ ಬೆನ್ನು ತಟ್ಟಿದ. ಆಗ ಕೌಕೊ ಒಂದು ಪ್ರಶ್ನೆ ಕೇಳಿದನಂತೆ. ಆರ್ವಿ ಆಮೇಲೆ ಅದನ್ನು ಊರಿಗೆಲ್ಲ ಸುದ್ದಿ ಮಾಡಿದ, ಕೌಕೊ ಪೂರ್ತಿ ವಾಕ್ಯ ಆಡಿದ ಅಂತ.

"ಇದು ಬೇಡ ಅನ್ನೋ ಬ್ಯಾಟರಿ ಯಾವ್ದಾದ್ರೂ ಇರುತ್ತಾ?"

ಇರುತ್ತೆ ಅಂದ ಆರ್ವಿ. ಪೂರ್ತಿ ಖಾಲಿಯಾಗಿಬಿಟ್ಟರೆ ಈ ಮಷೀನಿಗೆ ಅದು ಬ್ಯಾಟರಿ ಅಂತಲೇ ಗೊತ್ತಾಗೋಲ್ಲ, ಕೆಂಪು ದೀಪ ಹತ್ತುತ್ತೆ. ಅಂಥದ್ದಕ್ಕೆ ಲೆಂಪಿಯ ಹಳೇ ಡಬ್ಬವೇ ಗತಿ.

ಕೌಕೊನಿಗೆ ಅಷ್ಟು ಸಾಕಾಯಿತು. ಕೆಂಪು ದೀಪ ಹತ್ತಿದರೆ ವಿಷಯ ಸಿಕ್ಕಿದ ಹಾಗೆ. ಬುಧವಾರ ಸಂಜೆ ಹೊರಗಿನ ಕೊಟ್ಟಿಗೆಯಲ್ಲಿ ಬ್ಯಾಟರಿಗೆ ಹಳೇ ಲಾರಿಯ ಹೆಡ್‌ಲೈಟ್ ಸಿಕ್ಕಿಸಿ ಉರಿಯಲು ಬಿಟ್ಟ. ಸ್ವಲ್ಪ ಹೊತ್ತು ಉರಿದು ಖಾಲಿಯಾಗಲಿ, ಆಮೇಲೆ ಒಳಗೆ ತಂದಿಟ್ಟು ಗುರುವಾರ ಹೊತ್ತುಕೊಂಡು ಹೋಗುವುದು ಅಂತ ಎಣಿಸಿದ್ದ. ಅಷ್ಟರಲ್ಲಿ ಹಬೆಸ್ನಾನದ ಸೌನಾ ಕಾದಿತ್ತು. ನಾಳೆ ಅಕ್ಕನ ಮನೆಗೆ ಹೋಗಬೇಕಲ್ಲ, ಎರಡು ಸಲ ಹೆಚ್ಚಾಗಿ ಬೆವರಿದ, ಗಡ್ಡ ಕೆರೆದ, ಬಿಳಿ ಅಂಗಿ ಇಸ್ತ್ರಿ ಮಾಡಿದ. ಮೈ ಹಗುರಾಗಿ ಬೆಂಚಿನ ಮೇಲೆ ಒರಗಿದವನಿಗೆ ಅಲ್ಲೇ ನಿದ್ದೆ ಹತ್ತಿತು.

ಆ ರಾತ್ರಿಯ ಚಳಿ ಎಂಥದ್ದು ಗೊತ್ತೇ? ಚಿಮಣಿಯಿಂದ ಎದ್ದ ಹೊಗೆ ಆಕಾಶದಲ್ಲಿ ಕಂಬದ ಹಾಗೆ ನಿಂತೇಬಿಟ್ಟಿತು. ಬೆಳಿಗ್ಗೆ ನಾನು ಏಣಿ ಹಾಕಿ ಹತ್ತಿ ಗರಗಸದಿಂದ ಅದನ್ನು ತುಂಡು ತುಂಡಾಗಿ ಕೊಯ್ದು ಇಳಿಸಬೇಕಾಯಿತು, ಇಲ್ಲದಿದ್ದರೆ ಒಲೆಯ ಹೊಗೆ ಹೊರಗೆ ಹೋಗುತ್ತಲೇ ಇರಲಿಲ್ಲ. ಅಪ್ಪನ ಗರಗಸಕ್ಕೆ ಅದೇ ಮೊದಲ ಕೆಲಸ.

ಹೊಟ್ಟೆ ಖಾಲಿಯಾದ ಬ್ಯಾಟರಿ ಅಂಥ ಚಳಿಯಲ್ಲಿ ಏನಾಗುತ್ತದೆ ಅನ್ನುವುದನ್ನು ಕೌಕೊ ಅಕ್ಕನ ಬಾಯಿಂದ ಗುರುವಾರ ಗುರುವಾರ ಕೇಳಿದ್ದ. ಕೇಳುವಾಗ ಅವನ ಗಮನ ಮಾತಿನ ಮೇಲೆ ಇತ್ತೋ ಮಾತಾಡುವವಳ ಮೇಲೆ ಇತ್ತೋ, ನಾನು ಹೇಗೆ ಹೇಳಲಿ.

ಗುರುವಾರ ಬೆಳಿಗ್ಗೆ ಅವನು ಒಂದು ಕಾಲಿನಿಂದ ನೆಲ ಒದೆಯುತ್ತ ತನ್ನ ಹಿಮದ ಜಾರುಬಂಡಿ ತಳ್ಳಿಕೊಂಡು ಬಂದ. ಬಂಡಿಯ ಕುರ್ಚಿಯ ಮೇಲೆ ಕಂಬಳಿ ಸುತ್ತಿದ ಗಂಟು. ನಾನು ಅಂಗಳದಲ್ಲಿ ಕಟ್ಟಿಗೆ ಒಡೆಯುತ್ತಿದ್ದೆ. ಅಕ್ಕ ಮೆಟ್ಟಿಲ ಮೇಲೆ ಬಂದಳು. ತಲೆಗೂದಲು ಬಾಚಿಕೊಂಡಿದ್ದಳು, ಅದನ್ನೂ ನಾನು ಗಮನಿಸಿದೆ.

"ಏನ್ ವಿಷಯ?"

ಕೌಕೊ ಕಂಬಳಿ ಸರಿಸಿದ. ಬ್ಯಾಟರಿಯ ಪಕ್ಕಗಳು ಉಬ್ಬಿದ ರೊಟ್ಟಿಯ ಹಾಗೆ ಆಗಿದ್ದವು. ಮೂಲೆಯಲ್ಲಿ ಉದ್ದನೆ ಬಿರುಕು, ಬಿರುಕಿನಲ್ಲಿ ಮಂಜುಗಡ್ಡೆ ಹಲ್ಲು ಕಿರಿಯುತ್ತಿತ್ತು.

ಅಕ್ಕ ಕೆಳಗಿಳಿದು ಬಂದು ಬಗ್ಗಿ ನೋಡಿದಳು. "ಖಾಲಿ ಮಾಡಿ ಚಳೀಲಿ ಬಿಟ್ಯಾ?"

ಕೌಕೊ ತಲೆ ಆಡಿಸಿದ.

"ಇಷ್ಟು ವರ್ಷ ಹೇಳಿದ್ದೀನಿ. ಗೊತ್ತಿದ್ದೂ ಯಾಕೆ ಹಾಗ್ ಮಾಡ್ದೆ?"

ಕೌಕೊ ಹಕ್ಕಿಗಳ ತಟ್ಟೆ ನೋಡಿದ, ನನ್ನ ಕೊಡಲಿ ನೋಡಿದ, ತನ್ನ ಬೂಟು ನೋಡಿದ. "ಆರ್ವಿ ಮಷೀನು ಬೇಡ ಅನ್ಲಿ ಅಂತ."

ನಾನು ಕೊಡಲಿ ಎತ್ತಿದವನು ಎತ್ತಿದ ಹಾಗೇ ನಿಂತೆ. ಹೆಪ್ಪುಗಟ್ಟಿ ಒಡೆದ ಬ್ಯಾಟರಿಗೆ ಯಾವ ಚಾರ್ಜರೂ ಇಲ್ಲ. ಕರೆಂಟ್ ಕೊಟ್ಟರೆ ಸಿಡಿದು ಆಸಿಡ್ ಮುಖಕ್ಕೆ ಹಾರುತ್ತದೆ. ಅದು ಮುಗಿದ ಕಥೆ ಅನ್ನುವುದು ನನಗೆ ಗೊತ್ತು, ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು. ಕೌಕೊನ ಮುಖ ನೋಡಿದರೆ ಅವನಿಗೂ ಗೊತ್ತಿತ್ತು. ಪಾಪ, ಒಂದೇ ಒಂದು ವಿಷಯ ಇಟ್ಟುಕೊಂಡಿದ್ದ, ಅದನ್ನೂ ತನ್ನ ಕೈಯಾರೆ ಕೊಂದುಕೊಂಡಿದ್ದ. ಕಂಬಳಿ ಮತ್ತೆ ಮುಚ್ಚಿ ಬಂಡಿ ತಿರುಗಿಸತೊಡಗಿದ.

"ಎಲ್ಲಿಗೆ?" ಅಂದಳು ಅಕ್ಕ. "ಇಂಥದ್ದು ನಿಧಾನಕ್ಕೆ ಕರಗ್ಬೇಕು. ನೆಲಮಾಳಿಗೇಲಿ ಇಡು."

"ಅಕ್ಕ, ಅದು ಸತ್ತು..." ಅಂದೆ ನಾನು.

"ನೀನು ಕಟ್ಟಿಗೆ ಒಡಿ." ಮತ್ತೆ ಕೌಕೊನ ಕಡೆ ತಿರುಗಿ, "ವಾರ ವಾರ ಬಂದು ನೋಡ್ಬೇಕಾಗುತ್ತೆ. ಗುರುವಾರ ಆದ್ರೆ ಅನುಕೂಲ."

"ಎಷ್ಟು ದಿನ?"

"ವಸಂತದ ತನಕ ಹಿಡಿಯುತ್ತೆ."

ಸತ್ತ ಬ್ಯಾಟರಿಯನ್ನು ಪ್ಲಾಸ್ಟಿಕ್ ಬೋಗುಣಿಯಲ್ಲಿ ಕೂರಿಸಿ, ಸೋರಿದ ಆಸಿಡ್ ಹೀರಲಿ ಅಂತ ಸುತ್ತ ಅಡುಗೆ ಸೋಡ ಸುರಿದು, ಆಲೂಗಡ್ಡೆಗಳ ಪಕ್ಕ ಇಟ್ಟರು. ಅಲ್ಲಿಂದ ಮುಂದೆ ಪ್ರತಿ ಗುರುವಾರ ಇಬ್ಬರೂ ಗಂಭೀರವಾಗಿ ನೆಲಮಾಳಿಗೆಗೆ ಇಳಿಯುವುದು, ದೀಪ ಹಿಡಿದು ಬಗ್ಗಿ ನೋಡುವುದು. "ಸ್ವಲ್ಪ ಪರವಾಗಿಲ್ಲ" ಅನ್ನುವಳು ಅಕ್ಕ. "ಹೂಂ" ಅನ್ನುವನು ಕೌಕೊ. ಮೇಲೆ ಬಂದು ಸೂಪು. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿ ಬಂದವರ ಹಾಗೆ ಮೊದಲು ತಗ್ಗಿದ ದನಿಯಲ್ಲಿ ಮಾತು, ಆಮೇಲೆ ಮೆಲ್ಲಗೆ ನಗು. ಸಾಮಾನ್ಯವಾಗಿ ಹೆಣ ಇಷ್ಟು ದಿನ ಇಡುವುದಿಲ್ಲ ಅಂತ ನಾನೊಮ್ಮೆ ಚುಚ್ಚಿದೆ. ಅಕ್ಕ ನನಗೆ ಪ್ಯಾನ್‌ಕೇಕಿನ ಸುಟ್ಟ ಅಂಚು ಬಡಿಸಿದಳು. ಫೆಬ್ರವರಿಯಲ್ಲಿ ಕೌಕೊ ತೆಪ್ಪದ ಕಾಲದ ಒಂದು ಕಥೆ ಹೇಳತೊಡಗಿದ. ಅವನ ವೇಗಕ್ಕೆ ಅದು ಮಾರ್ಚ್ ತಿಂಗಳಲ್ಲಿ ಮುಗಿಯಿತು, ಆದರೆ ಮುಗಿಯಿತು.

ಮೇ ತಿಂಗಳು ಬಂತು, ಸರೋವರದ ಮಂಜುಗಡ್ಡೆ ಕಪ್ಪಾಗಿ, ಸಡಿಲಾಗಿ, ಒಂದು ಗಾಳಿಗೆ ಒಡೆದು ಹೋಯಿತು. ನೀರು ತೆರೆದರೆ ನಮ್ಮಲ್ಲಿ ಬ್ಯಾಟರಿಯ ವಾಸ ಮುಗಿದ ಹಾಗೆ. ಅವರವರು ಬಂದು ತೆಗೆದುಕೊಂಡು ಹೋಗಬೇಕು. ಆ ಗುರುವಾರ ಕೌಕೊ ತಟ್ಟೆಯಲ್ಲಿ ಸುಮ್ಮನೆ ಚಮಚ ಆಡಿಸುತ್ತ ಕೂತಿದ್ದ. ಆಗಲೇ ಬಾಗಿಲು ತಟ್ಟಿ ಆರ್ವಿ ಒಳಗೆ ಬಂದ. ಅವನ ವಿಷಯ: ಶನಿವಾರ ದೋಣಿ ಇಳಿಸಲು ಟ್ರ್ಯಾಕ್ಟರ್ ಬರುತ್ತದೆ, ಕೌಕೊನ ದೋಣಿಯನ್ನೂ ಈ ಸಲ ಎಳೆದು ನೀರಿಗೆ ಹಾಕಿಯೇಬಿಡೋಣ, ಎಂಜಿನ್ನು ನಾನೇ ಬಿಚ್ಚಿ ಸರಿ ಮಾಡುತ್ತೇನೆ, ಯಾವ ಶೆಡ್ಡಿನಲ್ಲಿ ಇಟ್ಟಿದ್ದೀಯ ಹೇಳು. ಹೇಳುತ್ತ ಹೇಳುತ್ತ ಅವನ ಮೂಗು ಸೂಪಿನ ಕಡೆ ತಿರುಗಿತು. ತಮ್ಮ ಶೆಡ್ಡಿನಲ್ಲಿ ಹಸಿರು ದೀಪ ಏನೋ ಚೆನ್ನಾಗಿಯೇ ಉರಿಯಿತು, ಆದರೆ ಅಲ್ಲಿ ಕೂತುಕೊಳ್ಳಲು ಕುರ್ಚಿ ಕೂಡ ಇಲ್ಲ ಅಂತ ಗೊಣಗಿದ. ಅಕ್ಕ ತಟ್ಟೆ ಇಡಲಿಲ್ಲ. ಶನಿವಾರ ನೋಡೋಣ ಅಂದು ಅವನನ್ನು ಸಾಗಹಾಕಿದಳು.

ಬಾಗಿಲು ಮುಚ್ಚಿತು. ಕೌಕೊ ಚಮಚ ಕೆಳಗಿಟ್ಟ.

"ನಂಗೆ ದೋಣಿ ಇಲ್ಲ" ಅಂದ.

"ಗೊತ್ತು."

"ಯಾವಾಗಿಂದ?"

"ಲಹ್ತೆಲದಲ್ಲಿ ಅದು ಉರೀತಿದ್ದಾಗಿಂದ. ನಾನೂ ಇವನ ಪಕ್ಕದಲ್ಲೇ ಕೂತಿದ್ದೆ" ಅಂತ ನನ್ನ ಕಡೆ ಗಲ್ಲ ತೋರಿಸಿದಳು. "ನಿನ್ನ ದೋಣಿ ಕೆಂಡದಲ್ಲೇ ಸಾಸೇಜು ಸುಟ್ಕೊಂಡು ತಿಂದೆ. ಚೆನ್ನಾಗಿ ಬೆಂದಿತ್ತು."

ಕೌಕೊನ ಕಿವಿ ಕೆಂಪಾಯಿತು. ತಟ್ಟೆಯ ತಳದ ಹೂವಿನ ಚಿತ್ರವನ್ನು ಬಹಳ ಹೊತ್ತು ನೋಡಿದ. "ಅಷ್ಟು ವರ್ಷ ಯಾಕ್ ಹೇಳ್ಲಿಲ್ಲ ಮತ್ತೆ?"

"ಹೇಳಿದ್ರೆ ನೀನು ಬರ್ತಿದ್ಯಾ?"

ಬರುತ್ತಿರಲಿಲ್ಲ ಅನ್ನುವುದು ಮೂವರಿಗೂ ಗೊತ್ತಿತ್ತು. ಅಕ್ಕ ಎದ್ದು ಕಾಫಿ ಬಗ್ಗಿಸಿದಳು. ಆ ಬ್ಯಾಟರಿಯನ್ನು ಇನ್ನು ಪಟ್ಟಣದ ಗುಜರಿ ಕೇಂದ್ರಕ್ಕೆ ಕೊಟ್ಟುಬಿಡಬೇಕು, ಇನ್ನೂ ಇಟ್ಟರೆ ಆಲೂಗಡ್ಡೆಗೂ ಬೇಜಾರಾಗುತ್ತದೆ ಅಂದಳು. ಮಾರನೆಯ ದಿನ ಅಕ್ಕನ ಕಾರಿನಲ್ಲಿ ಇಬ್ಬರೂ ಬೋಗುಣಿ ಸಮೇತ ಅದನ್ನು ಒಯ್ದರು. ಸೇತುವೆಯ ಮೇಲೆ ಹೋಗುವಾಗ ಕಾರು ನಿಧಾನವಾದದ್ದನ್ನು ನಾನು ದಡದಿಂದ ನೋಡಿದೆ. ಕೆಳಗೆ ಹಳೇ ದೋಣಿಕಟ್ಟೆ. ಕೌಕೊ ಕಿಟಕಿಯ ಆಚೆ ಬೆರಳೆತ್ತಿದ. ಒಂದೋ ಎರಡೋ, ಅಷ್ಟು ದೂರಕ್ಕೆ ಕಾಣಲಿಲ್ಲ.

ವಾಪಸ್ ಬಂದರು. ಬೋಗುಣಿ ಖಾಲಿ. ಅಕ್ಕ ತೊಳೆದು ಮಗುಚಿ ಹಾಕಿದಳು. ಕೌಕೊ "ಸರಿ ಹಾಗಾದ್ರೆ" ಅಂದು ಮನೆಗೆ ಹೋದ. ಶನಿವಾರ ದೋಣಿಗಳು ಇಳಿದವು, ಕೌಕೊ ಬರಲಿಲ್ಲ. ಆರ್ವಿ ಕೇಳಿದಾಗ ಅವನ ದೋಣಿ ತುಂಬ ಹಿಂದೆಯೇ ಇಳಿಯಿತು ಅಂದೆ. ಸುಳ್ಳಲ್ಲ, ಬೂದಿ ನೀರಿಗೇ ತಾನೆ ಹೋದದ್ದು. ಭಾನುವಾರ, ಸೋಮವಾರ ಅಕ್ಕ ಕಿಟಕಿ ಒರೆಸಿದಳು. ಬುಧವಾರ ಮತ್ತೆ ಒರೆಸಿದಳು. ಬುಧವಾರವೇ ಬಟಾಣಿ ನೆನೆಹಾಕಿದ್ದಳು. ದೊಡ್ಡ ಪಾತ್ರೆಯೋ ಚಿಕ್ಕ ಪಾತ್ರೆಯೋ ಅಂತ ಎರಡನ್ನೂ ಇಳಿಸಿ ಮೇಜಿನ ಮೇಲೆ ಇಟ್ಟುಕೊಂಡು ನಿಂತಿದ್ದನ್ನು ನಾನು ಕಂಡೆ.

ಗುರುವಾರ ನಾನು ಅವಳ ಮೆಟ್ಟಿಲಿನ ಪಕ್ಕದಲ್ಲಿ ಕಟ್ಟಿಗೆ ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಬೀಳಿಸಿ ಮತ್ತೆ ಜೋಡಿಸುತ್ತಿದ್ದೆ ಅಂದರೂ ಸರಿ. ರಸ್ತೆಯ ತಿರುವಿನಲ್ಲಿ ಬಿಳಿ ಅಂಗಿ ಕಾಣಿಸಿತು. ಬಂಡಿ ಇಲ್ಲ. ಕಂಬಳಿ ಇಲ್ಲ. ಬಗಲಲ್ಲಿ ಏನೂ ಇಲ್ಲ. ಖಾಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನಿಗೆ ಒಯ್ಯುತ್ತ ಬರುತ್ತಿದ್ದ. ನನ್ನ ಪಕ್ಕ ಬಂದಾಗ ಕಟ್ಟಿಗೆಯ ರಾಶಿಯ ಕಡೆ ಆಸೆಯಿಂದ ನೋಡಿದ. ಒಂದು ತುಂಡಾದರೂ ಎತ್ತಿಕೊಂಡು ಹೋಗಲೇ ಅನ್ನುವ ಹಾಗೆ. ನಾನು ರಾಶಿಗೆ ಅಡ್ಡ ನಿಂತೆ.

ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಅಕ್ಕ ತೆರೆದಳು. ಅವನ ಮುಖ ನೋಡಿದಳು, ಕೈ ನೋಡಿದಳು.

"ಏನ್ ವಿಷಯ?"

ಕೌಕೊ ಎರಡೂ ಕೈ ಬೆನ್ನಿಗೆ ಕಟ್ಟಿ ಮಾತು ಹುಡುಕಿದ. ಪಶುವೈದ್ಯರಿಗೆ ಫೋನ್ ಮಾಡಿದ ದಿನ ಕೂಡ ಅಷ್ಟು ಹೊತ್ತು ಹಿಡಿದಿರಲಿಲ್ಲ.

"ಏನಿಲ್ಲ" ಅಂದ.

ಅಕ್ಕ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದಳು. "ಹಾಗಾದ್ರೆ ಒಳಗ್ ಬಾ. ಬೂಟು ಒರೆಸ್ಕೋ."